ಇಂಪ್ಲಾಂಟ್ ಮೊದಲ ದಿನವೇ ಬಿಗಿಯಾಗಿ ಕೂರಲಿಲ್ಲವೆಂದರೆ?

ಪ್ರಶ್ನೆ: ನನಗೆ 56 ವರ್ಷ. ಮೇಲ್ದವಡೆಯ ಬಲಬದಿಯ ದವಡೆಹಲ್ಲೊಂದನ್ನು ಕೆಲವು ವರ್ಷಗಳ ಹಿಂದೆ ತೆಗೆಸಿದ್ದೆ. ಕಳೆದ ತಿಂಗಳು ಆ ಜಾಗದಲ್ಲಿ ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ಕೃತಕ ಬೇರು, ಹಾಕಿದರು. ಹಾಕಿದ ಮೇಲೆ ವೈದ್ಯರು, ‘ಟಾರ್ಕ್ 20ಕ್ಕಿಂತ ಮೇಲೆ ಬರಲಿಲ್ಲ, ಮೂಳೆ ಮೆತ್ತಗಿದೆ. ಒಸಡು ಮುಚ್ಚಿ ಹೊಲಿಗೆ ಹಾಕಿದ್ದೇನೆ, ಐದು ತಿಂಗಳು ಕಾಯೋಣ’ ಎಂದರು. ನನ್ನ ಭಾವನಿಗೆ ಬೇರೆ ಊರಿನಲ್ಲಿ ಕೆಳದವಡೆಗೆ ಇಂಪ್ಲಾಂಟ್ ಹಾಕಿ ಮೂರನೆಯ ದಿನವೇ ಹಲ್ಲು ಕೂರಿಸಿದ್ದಾರೆ. ಅವರಿಗೆ 45 ಬಂದಿತ್ತಂತೆ. ನನ್ನ ಶಸ್ತ್ರಚಿಕಿತ್ಸೆಯಲ್ಲಿ ಏನಾದರೂ ತಪ್ಪಾಯಿತೇ? ಬೇರೆ ವಿಧಾನದಲ್ಲಿ ಮಾಡಿದ್ದರೆ ಬಿಗಿ ಬರುತ್ತಿತ್ತೇ? ಈಗಲೇ ತೆಗೆಸಿ ದಪ್ಪದ್ದು ಹಾಕಿಸಿಕೊಳ್ಳುವುದು ಒಳ್ಳೆಯದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ತುರ್ತಿನದು ಅದೊಂದೇ. ದಯವಿಟ್ಟು ತೆಗೆಸಬೇಡಿ. ನೋವು, ಊತ, ಕೀವು ಯಾವುದೂ ಇಲ್ಲದಿದ್ದರೆ ಅದನ್ನು ಮುಟ್ಟಲೂ ಬಾರದು. ಟಾರ್ಕ್ ಎಂದರೆ ಇಂಪ್ಲಾಂಟನ್ನು ತಿರುಗಿಸಿ ಕೂರಿಸಲು ಬೇಕಾದ ಬಲದ ಅಳತೆ; ಮೇಲ್ದವಡೆಯ ಹಿಂಭಾಗದಲ್ಲಿ ಅದು 20 ನ್ಯೂಟನ್ ಸೆಂಟಿಮೀಟರ್ ಬಂದರೆ ಸೋಲಲ್ಲ. ಆ ಜಾಗದಲ್ಲಿ ದಿನನಿತ್ಯ ಕಾಣುವ ಅಂಕಿಗಳಲ್ಲಿ ಅದೂ ಒಂದು. ಅಷ್ಟಕ್ಕೇ ಕೂರಿಸಿ, ಮುಚ್ಚಿಟ್ಟು, ಕಾದು, ಆಮೇಲೆ ಚೆನ್ನಾಗಿ ಅಗಿಯುತ್ತಿರುವವರು ಬಹಳ ಮಂದಿ ಇದ್ದಾರೆ.

ಇನ್ನು ‘ತಪ್ಪಾಯಿತೇ’ ಎಂಬ ಪ್ರಶ್ನೆ. ಇದಕ್ಕೆ ಉತ್ತರಿಸುವ ಮುನ್ನ ಆ ಬಿಗಿ ಎಲ್ಲಿಂದ ಬರುತ್ತದೆ ಎಂಬುದನ್ನು ವಿವರಿಸಬೇಕು. ರೋಗಿಗಳಿಗೆ ಅಂಕಿ ಮಾತ್ರ ಸಿಗುತ್ತದೆ, ಅದರ ಹಿಂದಿನ ಕೆಲಸ ಕಾಣುವುದಿಲ್ಲ. ಆಗ 45 ಪಾಸು, 20 ಫೇಲು ಎನ್ನುವ ಭಾವನೆ ಬರುವುದು ಸಹಜ.

ಇಂಪ್ಲಾಂಟ್ ಹಾಕಿದ ದಿನ ಅದನ್ನು ಹಿಡಿದಿಟ್ಟಿರುವುದು ಬರೀ ಒತ್ತಡ ಮತ್ತು ಘರ್ಷಣೆ. ಅದರ ವ್ಯಾಸಕ್ಕಿಂತ ತುಸು ಕಿರಿದಾದ ರಂಧ್ರ ಕೊರೆದು, ಅದರೊಳಗೆ ತಿರುಗಿಸಿ ಇಳಿಸಿದಾಗ ಸುತ್ತಲಿನ ಮೂಳೆ ಅಮುಕಿಕೊಂಡು ಹಿಡಿಯುತ್ತದೆ. ಇದಕ್ಕೆ ಪ್ರಾಥಮಿಕ ಸ್ಥಿರತೆ ಎನ್ನುತ್ತೇವೆ. ಮುಂದಿನ ವಾರಗಳಲ್ಲಿ ಹೊಸ ಮೂಳೆ ಹುಟ್ಟಿ ಟೈಟೇನಿಯಂ ಮೇಲ್ಮೈಗೆ ನೇರವಾಗಿ ಬೆಸೆದುಕೊಳ್ಳುತ್ತದೆ. ಆ ಬೆಸುಗೆ ಕೊಡುವುದು ಎರಡನೆಯ ಬಗೆಯ ಸ್ಥಿರತೆ. ನಿಮ್ಮನ್ನು ಇಪ್ಪತ್ತು, ಮೂವತ್ತು ವರ್ಷ ಅಗಿಯುವಂತೆ ಮಾಡುವುದು ಈ ಎರಡನೆಯದು. ಮೊದಲನೆಯದರ ಕೆಲಸ ಒಂದೇ: ಎರಡನೆಯದು ಬರುವ ತನಕ ಇಂಪ್ಲಾಂಟನ್ನು ಅಲುಗಾಡದಂತೆ ಇಟ್ಟುಕೊಳ್ಳುವುದು.

ಎಷ್ಟು ಅಲುಗಿದರೆ ಅಪಾಯ? ಸಂಶೋಧಕರು ಒಪ್ಪಿಕೊಂಡಿರುವ ಮಿತಿ ಸುಮಾರು 50ರಿಂದ 150 ಮೈಕ್ರಾನ್, ಅಂದರೆ ಹೆಚ್ಚೆಂದರೆ ಒಂದು ಮಿಲಿಮೀಟರಿನ ಏಳನೆಯ ಒಂದು ಪಾಲು. ಅದನ್ನು ಮೀರಿ ಪದೇಪದೇ ಅಲುಗಿದರೆ ಇಂಪ್ಲಾಂಟಿನ ಸುತ್ತ ಮೂಳೆಯ ಬದಲು ನಾರಿನಂಥ ಮೆದು ಅಂಗಾಂಶ ಬೆಳೆಯುತ್ತದೆ. ಮತ್ತೆ ಅದು ಮೂಳೆಯಾಗುವುದಿಲ್ಲ. ಆದ್ದರಿಂದ ಬಿಗಿ ಕಡಿಮೆ ಬಂದಾಗ ವೈದ್ಯರ ಮುಂದಿರುವ ಸುರಕ್ಷಿತ ದಾರಿ ಒಂದೇ: ಇಂಪ್ಲಾಂಟಿನ ಮೇಲೆ ಯಾವ ಭಾರವೂ ಬೀಳದಂತೆ ಒಸಡಿನಡಿ ಮುಚ್ಚಿಡುವುದು. ನಿಮ್ಮ ವೈದ್ಯರು ಮಾಡಿದ್ದು ಅದನ್ನೇ. ಆಧುನಿಕ ಇಂಪ್ಲಾಂಟ್ ಶಾಸ್ತ್ರದ ಮೂಲಪುರುಷ, ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದವರು. ಅವರು ರೂಪಿಸಿದ ಕ್ರಮದಲ್ಲಿ ಕೆಳದವಡೆಗೆ ಸುಮಾರು 3 ತಿಂಗಳು, ಮೇಲ್ದವಡೆಗೆ ಸುಮಾರು 6 ತಿಂಗಳು ಮುಚ್ಚಿಡುವುದೇ ನಿಯಮವಾಗಿತ್ತು. ಮೂರು ದಿನದಲ್ಲಿ ಹಲ್ಲು ಕೂರಿಸುವ ಪದ್ಧತಿ ಬಂದದ್ದು ಬಹಳ ತಡವಾಗಿ, ಅದೂ ಆಯ್ದ ಸಂದರ್ಭಗಳಿಗೆ.

ನಿಮಗೂ ನಿಮ್ಮ ಭಾವನಿಗೂ ಇರುವ ಮೊದಲ ವ್ಯತ್ಯಾಸ ವೈದ್ಯರದ್ದಲ್ಲ, ದವಡೆಯದ್ದು. ದವಡೆಮೂಳೆಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುವ ಪದ್ಧತಿಯನ್ನು ಲೆಕ್‌ಹೋಮ್ ಮತ್ತು ಝಾರ್ಬ್ 1985ರಲ್ಲಿ ಕೊಟ್ಟರು, ಇಂದಿಗೂ ನಾವು ಬಳಸುವುದು ಅದನ್ನೇ. ಮೊದಲನೆಯ ದರ್ಜೆಯದು ಬಹುಪಾಲು ಗಟ್ಟಿ ಮೂಳೆ. ನಾಲ್ಕನೆಯದರಲ್ಲಿ ಹೊರಗೆ ತೆಳ್ಳನೆಯ ಗಟ್ಟಿ ಪದರ, ಒಳಗೆಲ್ಲ ವಿರಳವಾದ ಜಾಲರಿ. ಕೆಳದವಡೆಯ ಮುಂಭಾಗ ಮೊದಲೆರಡು ದರ್ಜೆಗಳ ಕಡೆಗೆ ವಾಲುತ್ತದೆ, ಮೇಲ್ದವಡೆಯ ಹಿಂಭಾಗ ಕೊನೆಯೆರಡರ ಕಡೆಗೆ. ಬೀಟೆಮರಕ್ಕೆ ತಿರುಗಿಸಿದ ಸ್ಕ್ರೂವನ್ನೂ ಬೂರುಗದ ಮರಕ್ಕೆ ತಿರುಗಿಸಿದ ಸ್ಕ್ರೂವನ್ನೂ ಒಂದೇ ಅಳತೆಗೋಲಿನಲ್ಲಿ ತೂಗಲಾಗದು. ಅದರ ಮೇಲೆ ನಿಮ್ಮ ಹಲ್ಲು ಹೋಗಿ ವರ್ಷಗಳಾಗಿವೆ. ಮೇಲಿನ ದವಡೆಹಲ್ಲು ಹೋದ ಮೇಲೆ ಅದರ ಮೇಲಿರುವ ಸೈನಸ್ ಎಂಬ ಗಾಳಿಕೋಣೆ ಕೆಳಕ್ಕೆ ಇಳಿಯುತ್ತದೆ, ಒಸಡಿನ ಕಡೆಯಿಂದಲೂ ಮೂಳೆ ಸವೆಯುತ್ತದೆ. ಹೀಗಾಗಿ ಎತ್ತರವೂ ಕಡಿಮೆ, ಗಟ್ಟಿತನವೂ ಕಡಿಮೆ.

ಹಾಗಾದರೆ ಕೈಚಳಕದ ಪಾತ್ರವೇನೂ ಇಲ್ಲವೇ? ಇದೆ, ಬಹಳವೇ ಇದೆ. ಮೆತ್ತಗಿನ ಮೂಳೆಯಲ್ಲಿ ಶಸ್ತ್ರಚಿಕಿತ್ಸಕನ ಪ್ರತಿಯೊಂದು ಚಲನೆಯೂ ಅಂಕಿಯನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಡ್ರಿಲ್ಲಿನ ಆಯ್ಕೆ. ಹಳೆಯ ಮಾದರಿಯ 3.75 ಮಿ.ಮೀ. ಇಂಪ್ಲಾಂಟಿನ ಉದಾಹರಣೆ ನೋಡಿ. ಸಾಧಾರಣ ಮೂಳೆಯಲ್ಲಿ 3 ಮಿ.ಮೀ. ಡ್ರಿಲ್ಲಿಗೆ ನಿಲ್ಲುತ್ತೇವೆ. ಮೂಳೆ ಗಟ್ಟಿಯಿದ್ದರೆ 3.15ಕ್ಕೆ ಹೋಗುತ್ತೇವೆ, ಮೆತ್ತಗಿದ್ದರೆ 2.85ಕ್ಕೇ ನಿಲ್ಲಿಸುತ್ತೇವೆ. ಮಿಲಿಮೀಟರಿನ ಸುಮಾರು ಏಳನೆಯ ಒಂದು ಪಾಲಿನ ವ್ಯತ್ಯಾಸ ಇಂಪ್ಲಾಂಟ್ ಕೂರುವ ಬಗೆಯನ್ನೇ ಬದಲಿಸಿಬಿಡುತ್ತದೆ. ಇಂದಿನ ಕಂಪನಿಗಳ ಅಳತೆಗಳು ಬೇರೆಬೇರೆಯಾಗಿದ್ದರೂ ತತ್ವ ಅದೇ: ಮೆತ್ತಗಿನ ಮೂಳೆಯಲ್ಲಿ ಕಡಿಮೆ ಕೊರೆ, ಉಳಿದದ್ದನ್ನು ಇಂಪ್ಲಾಂಟೇ ಅಮುಕಿಕೊಳ್ಳಲಿ. ಕಿಟ್‌ನಲ್ಲಿರುವ ಡ್ರಿಲ್‌ಗಳನ್ನೆಲ್ಲ ಸಾಲಾಗಿ ಮುಗಿಸಿಯೇ ತೀರುವ ಅಭ್ಯಾಸವುಳ್ಳವರು ಮೇಲ್ದವಡೆಯ ಹಿಂಭಾಗದಲ್ಲಿ ಬಿಗಿ ಕಳೆದುಕೊಳ್ಳುತ್ತಾರೆ. ಮೊದಲ ಸಣ್ಣ ಡ್ರಿಲ್ ಇಳಿಯುವಾಗ ಕೈಗೆ ತಾಗುವ ಪ್ರತಿರೋಧವೇ ಮೂಳೆಯ ದರ್ಜೆಯನ್ನು ಹೇಳುತ್ತದೆ. ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್-ರೇ ಸ್ಕ್ಯಾನ್ ಅಂದಾಜು ಕೊಡುತ್ತದೆ, ಖಾತ್ರಿ ಮಾಡುವುದು ಕೈ. ಆ ಹೊತ್ತಿನಲ್ಲೇ ಯೋಜನೆ ಬದಲಿಸಲು ಬಾರದವರು ಒಳ್ಳೆಯ ಶಸ್ತ್ರಚಿಕಿತ್ಸಕರಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯದು ಕೈಯ ನೇರ. ದವಡೆಹಲ್ಲಿನ ಜಾಗಕ್ಕೆ ಬಾಯಿ ಪೂರ್ತಿ ತೆರೆದರೂ ಡ್ರಿಲ್ ಸಿಕ್ಕಿಸಿದ ಹ್ಯಾಂಡ್‌ಪೀಸ್ ಒಳಗೆ ಹೋಗುವುದು ಕಷ್ಟ. ಡ್ರಿಲ್ ಒಳಗೆ ಹೋಗುವಾಗ ಒಂದು ಕೋನ, ಹೊರಬರುವಾಗ ಇನ್ನೊಂದು ಕೋನವಾದರೆ ದುಂಡಗಿನ ರಂಧ್ರದ ಬಾಯಿ ಮೊಟ್ಟೆಯಾಕಾರವಾಗುತ್ತದೆ. ಗಟ್ಟಿ ಮೂಳೆ ಇಂಥ ತಪ್ಪನ್ನು ಸ್ವಲ್ಪ ಮಟ್ಟಿಗೆ ಸಹಿಸುತ್ತದೆ, ಜಾಲರಿ ಮೂಳೆ ಸಹಿಸುವುದಿಲ್ಲ. ಆಳ ಸರಿಯಾಯಿತೇ ಎಂದು ಅದೇ ಡ್ರಿಲ್ಲನ್ನು ಮತ್ತೆಮತ್ತೆ ಇಳಿಸಿ ನೋಡುವುದರಿಂದಲೂ ರಂಧ್ರ ಅಗಲವಾಗುತ್ತದೆ. 3ಡಿ ಮುದ್ರಣದಲ್ಲಿ ತಯಾರಿಸಿದ, ಮಾರ್ಗದರ್ಶಿ ಎಂಬ ಅಚ್ಚನ್ನು ಹಲ್ಲುಗಳ ಮೇಲೆ ಕೂರಿಸಿ ಅದರ ತೂತಿನ ಮೂಲಕ ಕೊರೆಯುವ ಪದ್ಧತಿಯಿಂದ ಕೋನದ ಸಮಸ್ಯೆ ಬಹಳ ಕಡಿಮೆಯಾಗುತ್ತದೆ. ಆದರೆ ಅದೇ ತೂತು ತಂಪು ನೀರನ್ನು ಮೂಳೆಗೆ ತಲುಪದಂತೆ ತಡೆಯಲೂಬಹುದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ದವಡೆಯ ಒಸಡಿನ ಕಡೆಯ ಅಂಚಿನಲ್ಲಿರುವ ಗಟ್ಟಿ ಪದರ ನಿಮ್ಮಂಥ ಮೂಳೆಯಲ್ಲಿ ಒಂದು ಮಿಲಿಮೀಟರಿನಷ್ಟೇ ಇರಬಹುದು. ಸಿಗುವ ಬಿಗಿಯ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಇಂಪ್ಲಾಂಟಿನ ತಲೆ ಕೂರಲೆಂದು ಆ ಅಂಚನ್ನು ಅಗಲಿಸುವ ಡ್ರಿಲ್ಲೊಂದಿದೆ. ಮೆತ್ತಗಿನ ಮೂಳೆಯಲ್ಲಿ ಅದನ್ನು ಬಳಸದೆ ಬಿಟ್ಟುಬಿಡುವುದೇ ವಿವೇಕ. ಇನ್ನೊಂದು ಗಟ್ಟಿ ಪದರ ಸೈನಸ್ಸಿನ ತಳದಲ್ಲಿದೆ. ಇಂಪ್ಲಾಂಟಿನ ತುದಿ ಆ ಪದರವನ್ನು ಕಚ್ಚಿಕೊಳ್ಳುವಂತೆ ಉದ್ದವನ್ನು ಆರಿಸಿದರೆ ಎರಡೂ ಕಡೆ ಹಿಡಿತ ಸಿಗುತ್ತದೆ. ಸೈನಸ್ಸಿನ ಒಳಪೊರೆ ಹರಿಯದಂತೆ ಇದನ್ನು ಮಾಡಲು ಅನುಭವ ಬೇಕು.

ಮೂಳೆಯನ್ನು ಕೊರೆದು ಹೊರಹಾಕುವ ಬದಲು ಪಕ್ಕಕ್ಕೆ ಒತ್ತಿ ಸಾಂದ್ರಗೊಳಿಸುವ ವಿಧಾನಗಳೂ ಇವೆ. ಸಮ್ಮರ್ಸ್ ಎಂಬ ವೈದ್ಯರು 1994ರಲ್ಲಿ ಆಸ್ಟಿಯೋಟೋಮ್ ವಿಧಾನವನ್ನು ಪ್ರಚಾರಕ್ಕೆ ತಂದರು: ಉಕ್ಕಿನ ಕಡ್ಡಿಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ರಂಧ್ರವನ್ನು ಹಿಗ್ಗಿಸುವುದು. ಮೆತ್ತಗಿನ ಮೂಳೆಗೆ ಅದು ಒಪ್ಪುತ್ತದೆ, ಆದರೆ ಎಚ್ಚರವಾಗಿರುವ ರೋಗಿಗೆ ಆ ಪೆಟ್ಟುಗಳು ಹಿತವಾಗಿರುವುದಿಲ್ಲ. ಕೆಲವರಿಗೆ ಆನಂತರ ದಿನಗಟ್ಟಲೆ ತಲೆಸುತ್ತು ಬರುತ್ತದೆ, ಒಳಗಿವಿಯ ಸಮತೋಲನದ ಹರಳುಗಳು ಆ ಕಂಪನಕ್ಕೆ ಸ್ಥಳ ತಪ್ಪುವುದರಿಂದ. ಈಚೆಗೆ ಸಲಾಹ್ ಹುವೈಸ್ ರೂಪಿಸಿದ ಡ್ರಿಲ್‌ಗಳು ಬಂದಿವೆ. ಇವುಗಳನ್ನು ಕತ್ತರಿಸುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿದಾಗ ಮೂಳೆಯ ಕಣಗಳು ಹೊರಬೀಳದೆ ರಂಧ್ರದ ಗೋಡೆಗೇ ಮೆತ್ತಿಕೊಳ್ಳುತ್ತವೆ. ಸುತ್ತಿಗೆಯ ಪೆಟ್ಟಿಲ್ಲ, ಬಿಗಿಯೂ ಹೆಚ್ಚುತ್ತದೆ. ನಾನು ಇವನ್ನು ಮೇಲ್ದವಡೆಯಲ್ಲಿ ಮೆಚ್ಚಿ ಬಳಸುತ್ತೇನೆ. ಆದರೆ ಕೆಳದವಡೆಯ ಗಟ್ಟಿ ಮೂಳೆಗೆ ಇವುಗಳ ಅಗತ್ಯವಿಲ್ಲ. ಎಲ್ಲ ರೋಗಿಗೂ ಇದೇ ಬೇಕೆಂದು ಮಾರುವವರ ಮಾತನ್ನು ನಂಬಬೇಕಿಲ್ಲ.

ಇಂಪ್ಲಾಂಟಿನ ಆಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುದಿಯತ್ತ ಕಿರಿದಾಗುವ, ಸ್ಕ್ರೂವಿನಂತೆ ಆಳವಾದ ಎಳೆಗಳುಳ್ಳ ಇಂಪ್ಲಾಂಟ್ ಮೆತ್ತಗಿನ ಮೂಳೆಯಲ್ಲಿ ನೇರ ಕಂಬದಾಕಾರದ್ದಕ್ಕಿಂತ ಹೆಚ್ಚು ಬಿಗಿ ಕೊಡುತ್ತದೆ.

ಹೀಗಾಗಿ ಬೇರೆ ವಿಧಾನದಲ್ಲಿ ನಿಮಗೆ 20ರ ಬದಲು 30 ಬರಬಹುದಿತ್ತೇ ಎಂದರೆ, ಬರಬಹುದಿತ್ತು. ನಿಮ್ಮ ವೈದ್ಯರು ಕಡಿಮೆ ಕೊರೆದೇ 20 ಪಡೆದರೋ, ಪೂರ್ತಿ ಕೊರೆದು 20 ಪಡೆದರೋ ಎಂಬುದನ್ನು ಅವರೇ ಹೇಳಬೇಕು, ದೂರದಿಂದ ನಾನು ಊಹಿಸುವುದು ತರವಲ್ಲ. ಮುಂದಿನ ಭೇಟಿಯಲ್ಲಿ ಧಾರಾಳವಾಗಿ ಕೇಳಿ. ಅಂಕಿಯನ್ನು ಅಳೆದು, ಅದನ್ನು ಬಚ್ಚಿಡದೆ ನಿಮಗೆ ತಿಳಿಸಿ, ಅದಕ್ಕೆ ತಕ್ಕಂತೆ ಕಾಯಲು ನಿರ್ಧರಿಸಿದವರು ಇದಕ್ಕೂ ಉತ್ತರ ಕೊಡುತ್ತಾರೆಂಬ ಭರವಸೆ ನನಗಿದೆ.

ಈಗ ಈ ವಿಷಯದ ಇನ್ನೊಂದು ಮುಖಕ್ಕೆ ಬರುತ್ತೇನೆ. ರೋಗಿಗಳಿಗೆ ಇದನ್ನು ಯಾರೂ ಹೇಳುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಬಿಗಿ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ನಿಜವಲ್ಲ.

ಮೂಳೆ ಜೀವಂತ ಅಂಗಾಂಶ. ಇಂಪ್ಲಾಂಟಿನ ಎಳೆಗಳು ಅದನ್ನು ಬಲವಾಗಿ ಅಮುಕಿದ ಕಡೆ ಸೂಕ್ಷ್ಮ ಬಿರುಕುಗಳು ಬೀಳುತ್ತವೆ, ರಕ್ತಸಂಚಾರ ನಿಲ್ಲುತ್ತದೆ, ಆ ತೆಳು ಪದರ ಸಾಯುತ್ತದೆ. ದೇಹ ಸತ್ತ ಮೂಳೆಯನ್ನು ಮೊದಲು ಕರಗಿಸಿ ತೆಗೆದುಹಾಕಬೇಕು, ಆಮೇಲೆ ಹೊಸದನ್ನು ಕಟ್ಟಬೇಕು. ಎಳೆಗಳ ನಡುವೆ ಸಣ್ಣ ಖಾಲಿ ಜಾಗ ಉಳಿದ ಕಡೆಯಲ್ಲಾದರೋ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನೊಳಗೆ ಹೊಸ ರಕ್ತನಾಳಗಳು ಬರುತ್ತವೆ, ಕೆಲವೇ ವಾರಗಳಲ್ಲಿ ಎಳೆಯ ಮೂಳೆ ಕಾಣಿಸಿಕೊಳ್ಳುತ್ತದೆ. ಅಲ್ಲಿ ತೆಗೆದುಹಾಕುವ ಕೆಲಸವೇ ಇಲ್ಲ. ಅಂದರೆ ಮೊದಲ ದಿನ ಬಿಗಿ ಕೊಡುವ ಜಾಗ ಬೇರೆ, ಬೇಗ ಬೆಸೆಯುವ ಜಾಗ ಬೇರೆ. ಒಳ್ಳೆಯ ತಂತ್ರ ಎಂದರೆ ಈ ಎರಡಕ್ಕೂ ಪಾಲು ಹಂಚುವುದು.

ಹಳೆಯ ಹಿಡಿತ ಕರಗುತ್ತ, ಹೊಸ ಬೆಸುಗೆ ಇನ್ನೂ ಪೂರ್ತಿ ಬಾರದ ಹೊತ್ತೊಂದಿರುತ್ತದೆ. ಸಾಮಾನ್ಯವಾಗಿ ಮೂರನೆಯ, ನಾಲ್ಕನೆಯ ವಾರದಲ್ಲಿ ಒಟ್ಟು ಸ್ಥಿರತೆ ಅತಿ ಕೆಳಗಿರುತ್ತದೆ. ತುಂಬ ಬಿಗಿಯಾಗಿ ಕೂತ ಇಂಪ್ಲಾಂಟ್‌ಗಳಲ್ಲಿ ಈ ಇಳಿತ ಎದ್ದು ಕಾಣುತ್ತದೆ. ಸಡಿಲವಾಗಿ ಕೂತವು ಹೆಚ್ಚು ಇಳಿಯದೆ ನಿಧಾನವಾಗಿ ಏರುತ್ತವೆ. ಕೆಲವು ತಿಂಗಳು ಕಳೆದ ಮೇಲೆ ಅಳೆದರೆ ಎರಡರ ಅಂತರ ಬಹಳಷ್ಟು ಕಿರಿದಾಗಿರುತ್ತದೆ. ನೀವು ನನಗೆ ಬರೆದಿರುವುದು ಸರಿಯಾಗಿ ಒಂದು ತಿಂಗಳಿನ ಸುಮಾರಿಗೆ. ಇಂಪ್ಲಾಂಟನ್ನು ತಿರುಗಿಸಿ ನೋಡಲು, ಬದಲಿಸಲು ಇದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಮೊದಲಿಗೇ ತೆಗೆಸಬೇಡಿ ಎಂದದ್ದು ಇದೇ ಕಾರಣಕ್ಕೆ.

ಬಿಸಿ ಇನ್ನೊಂದು ಶತ್ರು. ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ಮೊಲಗಳ ಮೂಳೆಯ ಮೇಲೆ ನಡೆಸಿದ ಪ್ರಯೋಗದಿಂದ ತಿಳಿದದ್ದಿದು: ಮೂಳೆ 47 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ನಿಮಿಷ ಇದ್ದರೆ ಹಾನಿಯಾಗುತ್ತದೆ. ನಮ್ಮ ಮೈಬಿಸಿಗಿಂತ ಕೇವಲ ಹತ್ತು ಡಿಗ್ರಿ ಹೆಚ್ಚು. ಮೊಂಡಾದ ಡ್ರಿಲ್ಲನ್ನು ಬಲವಾಗಿ ಒತ್ತಿ, ನೀರು ಸಾಲದೆ ಕೊರೆದರೆ ಕೆಳದವಡೆಯ ಗಟ್ಟಿ ಮೂಳೆಯಲ್ಲಿ ಆ ಬಿಸಿ ಕ್ಷಣಗಳಲ್ಲಿ ಬರುತ್ತದೆ. ಹಾಗೆ ಸುಟ್ಟ ರಂಧ್ರದಲ್ಲೂ ಇಂಪ್ಲಾಂಟ್ ಮೊದಲ ದಿನ ಅತ್ಯಂತ ಬಿಗಿಯಾಗಿಯೇ ಕೂರುತ್ತದೆ, ಟಾರ್ಕ್ 50 ತೋರಿಸುತ್ತದೆ, ರೋಗಿಯೂ ವೈದ್ಯರೂ ಸಂತೋಷಪಡುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಅದು ಅಲುಗಾಡತೊಡಗುತ್ತದೆ. ಟಾರ್ಕ್ ಅಳೆಯುವುದು ಮೂಳೆಯ ಗಟ್ಟಿತನವನ್ನೇ ಹೊರತು ಅದು ಬದುಕಿದೆಯೇ ಎಂಬುದನ್ನಲ್ಲ. ಆದ್ದರಿಂದಲೇ ತಂಪು ಸಲೈನ್ ಧಾರಾಳವಾಗಿ ಹರಿಸುವುದು, ಡ್ರಿಲ್ಲನ್ನು ಒಂದೇ ಸಮನೆ ಒತ್ತದೆ ಆಗಾಗ ಮೇಲೆತ್ತಿ ಕೊರೆಯುವುದು, ಹಳತಾದ ಡ್ರಿಲ್‌ಗಳನ್ನು ಜಿಪುಣತನ ಮಾಡದೆ ಎಸೆಯುವುದು ಇವೆಲ್ಲ ಬಿಗಿಯಷ್ಟೇ ಮುಖ್ಯ. ಮಾರ್ಗದರ್ಶಿಯ ಮೂಲಕ ಕೊರೆಯುವಾಗ ನೀರು ತಲುಪಿಸಲು ಇನ್ನಷ್ಟು ಎಚ್ಚರ ಬೇಕು.

ತೀರಾ ಗಟ್ಟಿ ಮೂಳೆಯಲ್ಲಿ ರಂಧ್ರವನ್ನು ಸ್ವಲ್ಪ ಅಗಲ ಮಾಡಿ, ಎಳೆಗಳಿಗೆ ಮೊದಲೇ ದಾರಿ ಕೊರೆದು, ಬಿಗಿಯನ್ನು ಬೇಕೆಂದೇ ತಗ್ಗಿಸುತ್ತೇವೆ. ಹೆಚ್ಚು ಟಾರ್ಕ್ ಎಷ್ಟರ ಮಟ್ಟಿಗೆ ಹಾನಿಕರ ಎಂಬುದರಲ್ಲಿ ನಮ್ಮ ವೃತ್ತಿಯಲ್ಲೇ ಭಿನ್ನಾಭಿಪ್ರಾಯವಿದೆ. 50 ದಾಟಿದರೂ ಚೆನ್ನಾಗಿ ಬೆಸೆದುಕೊಂಡ ವರದಿಗಳು ಸಾಕಷ್ಟಿವೆ. ಕೆನ್ನೆಯ ಕಡೆಯ ಮೂಳೆಗೋಡೆ ತೆಳ್ಳಗಿರುವಾಗ ಮಾತ್ರ ನಾನು ಆ ಸಾಹಸಕ್ಕೆ ಹೋಗುವುದಿಲ್ಲ, ಅಲ್ಲಿ ಒತ್ತಡ ಹೆಚ್ಚಾದರೆ ಮೂಳೆಯೂ ಒಸಡೂ ಕುಗ್ಗುವ ಸಂಭವವಿದೆ.

ನಿಮ್ಮ ಭಾವನ ವಿಷಯಕ್ಕೆ ಬಂದರೆ, ಕೆಳದವಡೆಯಲ್ಲಿ 45 ಬಂದಾಗ ಬೇಗ ಹಲ್ಲು ಕೂರಿಸುವುದು ಸಮ್ಮತವಾದ ಕ್ರಮವೇ. ಸಾಮಾನ್ಯವಾಗಿ 30, 35ರ ಮೇಲೆ ಬಂದರೆ ಅದನ್ನು ಯೋಚಿಸುತ್ತೇವೆ. ಅವರ ಹಲ್ಲು ಎದುರು ಹಲ್ಲಿಗೆ ತಾಗದಂತೆ ತುಸು ಗಿಡ್ಡವಾಗಿ ಮಾಡಿದ ತಾತ್ಕಾಲಿಕ ಹಲ್ಲೇ ಎಂದು ಕೇಳಿ ನೋಡಿ. ಹಾಗಿಲ್ಲದೆ ಪೂರ್ತಿ ಅಗಿಯುವ ಹಲ್ಲಾಗಿದ್ದರೆ ಮೊದಲ ಎರಡು ತಿಂಗಳು ಆ ಬದಿಯಲ್ಲಿ ಚಕ್ಕುಲಿ, ನಿಪ್ಪಟ್ಟು, ಅಡಿಕೆ ಬೇಡವೆಂದು ಅವರಿಗೆ ನನ್ನ ಪರವಾಗಿ ಹೇಳಿ. ಅವರಿಗೂ ಆ ಇಳಿತದ ವಾರಗಳು ಬರುತ್ತವೆ.

ನಿಮಗೆ ಮುಂದಿನ ತಿಂಗಳುಗಳಲ್ಲಿ ಆಗಬೇಕಾದದ್ದು ಹೆಚ್ಚೇನಿಲ್ಲ. ಆ ಜಾಗದ ಮೇಲೆ ತೆಗೆದುಹಾಕುವ ಹಲ್ಲಿನ ಸೆಟ್ ಧರಿಸುತ್ತಿದ್ದರೆ ಅದು ಒಸಡನ್ನು ಒತ್ತದಂತೆ ಒಳಗಿನಿಂದ ಸವೆಸಿಕೊಡಲು ಕೇಳಿ. ಮುಚ್ಚಿದ ಇಂಪ್ಲಾಂಟನ್ನೂ ಅಲುಗಿಸುವ ಶಕ್ತಿ ಅದಕ್ಕಿದೆ, ಇದನ್ನು ಮರೆಯುವವರು ಬಹಳ. ಮುದ್ದೆ, ಅನ್ನಸಾರು, ಇಡ್ಲಿಯಂಥ ಊಟಕ್ಕೆ ಯಾವ ಅಡ್ಡಿಯೂ ಇಲ್ಲ. ಗಟ್ಟಿ ಪದಾರ್ಥವನ್ನು ಎಡಬದಿಯಲ್ಲಿ ಅಗಿಯಿರಿ. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಅಭ್ಯಾಸವಿದ್ದರೆ ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಕಾರಣ ಸಿಗಲಾರದು. ಮೆತ್ತಗಿನ ಮೂಳೆ ಮತ್ತು ಧೂಮಪಾನ ಜೊತೆಯಾದರೆ ಬೆಸುಗೆ ಕೈಕೊಡುವ ಸಂಭವ ಹೆಚ್ಚು. ಸಕ್ಕರೆ ಕಾಯಿಲೆಯಿದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಹತೋಟಿಯಲ್ಲಿಡಿ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದು ಈವರೆಗೆ ಹೇಳಿಲ್ಲದಿದ್ದರೆ ನಾಳೆಯೇ ವೈದ್ಯರಿಗೆ ತಿಳಿಸಿ.

ಐದು ತಿಂಗಳಾದ ಮೇಲೆ ಒಸಡು ತೆರೆದಾಗ ಸ್ಥಿರತೆಯನ್ನು ಹೇಗೆ ಅಳೆಯುತ್ತೀರಿ ಎಂದು ಕೇಳಿ. ಟಾರ್ಕನ್ನು ಕೂರಿಸುವ ದಿನ ಒಮ್ಮೆ ಮಾತ್ರ ಅಳೆಯಬಹುದು. ಆಮೇಲಿನ ಬದಲಾವಣೆಯನ್ನು ನೋಡಲು ಕಂಪನದಿಂದ ಅಳೆಯುವ ಉಪಕರಣವಿದೆ. ಮೆರೆಡಿತ್ ಮತ್ತು ಸಂಗಡಿಗರು 1996ರಲ್ಲಿ ಮಂಡಿಸಿದ ವಿಧಾನದಿಂದ ಬೆಳೆದದ್ದು ಅದು, 1ರಿಂದ 100ರವರೆಗಿನ ಐಎಸ್‌ಕ್ಯೂ ಎಂಬ ಅಂಕಿ ಕೊಡುತ್ತದೆ. 70ರ ಸುಮಾರು ಬಂದರೆ ನೆಮ್ಮದಿಯಿಂದ ಹಲ್ಲು ಕೂರಿಸಬಹುದು. 60ರ ಕೆಳಗಿದ್ದರೆ ಇನ್ನಷ್ಟು ಕಾಯಬೇಕು. ಹಾಕಿದ ದಿನದ ಐಎಸ್‌ಕ್ಯೂ ಬರೆದಿಟ್ಟಿದ್ದರೆ ಹೋಲಿಸಿ ನೋಡಬಹುದು, ಏರಿಕೆಯೇ ಒಳ್ಳೆಯ ಸೂಚನೆ. ಆ ಉಪಕರಣ ಇಲ್ಲದ ಕ್ಲಿನಿಕ್‌ಗಳಲ್ಲಿ ಎಕ್ಸ್-ರೇ ನೋಡಿ, ಕೈಯಿಂದ ಪರೀಕ್ಷಿಸಿ ನಿರ್ಧರಿಸುತ್ತಾರೆ, ಅದರಲ್ಲಿ ತಪ್ಪಿಲ್ಲ.

ಒಸಡು ತೆರೆದ ಮೇಲೆ ಇಂಪ್ಲಾಂಟಿಗೆ ಹಾಕುವ ಹೀಲಿಂಗ್ ಕ್ಯಾಪ್ ಎಂಬ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡುವಾಗ ಇಂಪ್ಲಾಂಟಿನ ಜಾಗದಲ್ಲಿ ಆಳವಾದ ನೋವು ಚುಚ್ಚಿದರೆ ಸಹಿಸಿಕೊಂಡು ಸುಮ್ಮನಿರಬೇಡಿ, ಆ ಕ್ಷಣವೇ ಕೈ ಎತ್ತಿ ಹೇಳಿ. ಚೆನ್ನಾಗಿ ಬೆಸೆದ ಇಂಪ್ಲಾಂಟ್ ಹಾಗೆ ನೋಯುವುದಿಲ್ಲ. ಇಂಪ್ಲಾಂಟ್ ತನ್ನ ಅಕ್ಷದಲ್ಲೇ ತುಸು ತಿರುಗಿ, ಅತ್ತಿತ್ತ ಅಲುಗದೆ ಇದ್ದರೆ ಮತ್ತೆ ಮುಚ್ಚಿ ಎರಡು, ಮೂರು ತಿಂಗಳು ಬಿಟ್ಟರೆ ಹಲವು ಬಾರಿ ಬೆಸೆದುಕೊಳ್ಳುತ್ತದೆ. ಅತ್ತಿತ್ತ ಅಲುಗಿದರೆ ಮಾತ್ರ ತೆಗೆಯಬೇಕಾಗುತ್ತದೆ. ಆಗ ಮೂಳೆ ತುಂಬಿಕೊಳ್ಳಲು ಸಮಯ ಕೊಟ್ಟು, ನೀವು ಕೇಳಿದ ದಪ್ಪದ ಇಂಪ್ಲಾಂಟನ್ನೂ ಮೂಳೆಯನ್ನು ಒತ್ತಿ ಸಾಂದ್ರಗೊಳಿಸುವ ವಿಧಾನವನ್ನೂ ಯೋಚಿಸಬಹುದು.